ಕಬ್ಬಿಣ-ಗಂಧಕದ ಗೂಡಿನಲ್ಲಿ ಇನ್ನೊಂದು ಲೋಹ

(ಹೈದರಾಬಾದಿನಲ್ಲಿ ಕನ್ನಡ ಶ್ರೋತೃಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಈ ನಗರದಿಂದ ಜಹೀರಾಬಾದ್, ಹುಮನಾಬಾದ್ ಮಾರ್ಗವಾಗಿ ಸೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ದೂರದಲ್ಲಿ ಪಟಂಚೆರು ಎಂಬ ಊರಿದೆ. ಅರೆಶುಷ್ಕ ಉಷ್ಣವಲಯಗಳ ಅಂತರರಾಷ್ಟ್ರೀಯ ಬೆಳೆ ಸಂಶೋಧನ ಸಂಸ್ಥೆ, ಅಂದರೆ ತಾವೆಲ್ಲ ಕೇಳಿರುವ ಇಕ್ರಿಸ್ಯಾಟ್, 1972ರಲ್ಲಿ ಸ್ಥಾಪನೆಯಾದದ್ದು ಅಲ್ಲಿ. ಕೆಂಪು ಭೂಮಿ ಮತ್ತು ಎರೆಭೂಮಿ ಎರಡೂ ಒಂದೇ ಆವರಣದಲ್ಲಿ ಸಿಗುವುದು ಆ ಸ್ಥಳದ ವೈಶಿಷ್ಟ್ಯ. ಜೋಳ, ಸಜ್ಜೆಗಳ ಜೊತೆಗೆ ತೊಗರಿ, ಕಡಲೆ, ನೆಲಗಡಲೆ ಈ ಮೂರು ದ್ವಿದಳ ಬೆಳೆಗಳ ಮೇಲೆ ಅಲ್ಲಿ ಐದು ದಶಕಗಳಿಂದ ಕೆಲಸ ನಡೆದಿದೆ. ಈ ಬೆಳೆಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುವುದನ್ನು ನಮ್ಮ ರೈತರು ತಲೆತಲಾಂತರದಿಂದ ಕಂಡಿದ್ದಾರೆ. ಆ ಗಂಟುಗಳಲ್ಲಿ ರೈಜೋಬಿಯಂ ವರ್ಗದ ಬ್ಯಾಕ್ಟೀರಿಯಗಳು ವಾಸಿಸುತ್ತವೆ; ಗಾಳಿಯಲ್ಲಿರುವ ಸಾರಜನಕವನ್ನು ಅಮೋನಿಯವಾಗಿ ಪರಿವರ್ತಿಸಿ ಗಿಡಕ್ಕೆ ಒದಗಿಸುತ್ತವೆ ಎಂಬುದನ್ನೂ ಶಾಲೆಯ ಪಠ್ಯದಲ್ಲಿ ಓದಿರುತ್ತೇವೆ.

ಆದರೆ ಈ ಪರಿವರ್ತನೆಯನ್ನು ನಿಜವಾಗಿ ಮಾಡುವವರು ಯಾರು? ಬ್ಯಾಕ್ಟೀರಿಯದೊಳಗೆ ನೈಟ್ರೋಜಿನೇಸ್ ಎಂಬ ಕಿಣ್ವವಿದೆ. ಆ ಕಿಣ್ವದ ಹೃದಯಸ್ಥಾನದಲ್ಲಿ ಕಬ್ಬಿಣ ಮತ್ತು ಗಂಧಕದ ಪರಮಾಣುಗಳಿಂದ ಹೆಣೆದ ಒಂದು ಪುಟ್ಟ ಗೂಡಿದೆ. ಆ ಗೂಡಿನ ಒಂದು ತುದಿಯಲ್ಲಿ ಮಾಲಿಬ್ಡಿನಮ್ ಎಂಬ ಇನ್ನೊಂದು ಲೋಹದ ಒಂದೇ ಒಂದು ಪರಮಾಣು ಕುಳಿತಿರುತ್ತದೆ. ಇಂತಹ ಗೂಡುಗಳನ್ನು ರಸಾಯನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಹೇಗೆ ಕಟ್ಟುತ್ತಾರೆ, ಕಟ್ಟಿದ ಮೇಲೆ ಅದು ಇಂಥದೇ ಎಂದು ಹೇಗೆ ನಿರ್ಣಯಿಸುತ್ತಾರೆ, ಈ ವಿದ್ಯೆಗೂ ನಮ್ಮ ಹೊಲಗಳಿಗೂ ಏನು ಸಂಬಂಧ ಎಂಬ ವಿಷಯವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಮೊದಲು ಸಾರಜನಕದ ಸಮಸ್ಯೆಯನ್ನು ಸ್ವಲ್ಪ ನೋಡೋಣ. ವಾಯುಮಂಡಲದ ಶೇಕಡ 78 ಭಾಗ ಸಾರಜನಕವೇ ಆಗಿದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಸಾರಜನಕದ ಎರಡು ಪರಮಾಣುಗಳು ಪರಸ್ಪರ ಮೂರು ಬಂಧಗಳಿಂದ ಬಿಗಿದುಕೊಂಡಿರುವುದೇ ಇದಕ್ಕೆ ಕಾರಣ. ಈ ಬಿಗಿತವನ್ನು ಸಡಿಲಿಸುವ ಕೈಗಾರಿಕಾ ವಿಧಾನವನ್ನು ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿಕೊಟ್ಟರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು. 1913ರಲ್ಲಿ ಓಪಾವ್ ಎಂಬಲ್ಲಿ ಉತ್ಪಾದನೆ ಪ್ರಾರಂಭವಾಯಿತು. ಮೈಸೂರಿನ ಬಳಿಯ ಬೆಳಗೊಳದಲ್ಲಿ 1930ರ ದಶಕದ ಕೊನೆಯ ವರ್ಷಗಳಲ್ಲಿ ಸ್ಥಾಪನೆಯಾದ ಗೊಬ್ಬರ ಕಾರ್ಖಾನೆ ನಮ್ಮ ದೇಶದಲ್ಲಿ ಈ ಮಾರ್ಗದ ಆರಂಭದ ಪ್ರಯತ್ನಗಳಲ್ಲೊಂದು ಎಂಬುದನ್ನು ಕನ್ನಡಿಗರು ನೆನೆಯಬಹುದು. ಇಂದಿನ ತೆಲಂಗಾಣದ ರಾಮಗುಂಡಂನಲ್ಲಿ ಕಲ್ಲಿದ್ದಲನ್ನು ಆಧರಿಸಿ 1980ರಲ್ಲಿ ಉತ್ಪಾದನೆ ಆರಂಭಿಸಿದ ಯೂರಿಯ ಕಾರ್ಖಾನೆ 1999ರಲ್ಲಿ ಮುಚ್ಚಿತು. ಅದೇ ಸ್ಥಳದಲ್ಲಿ ನೈಸರ್ಗಿಕ ಅನಿಲವನ್ನು ಬಳಸುವ ಹೊಸ ಕಾರ್ಖಾನೆ 2021ರಲ್ಲಿ ಕೆಲಸ ಪ್ರಾರಂಭಿಸಿತು. ಅದರ ಸಾಮರ್ಥ್ಯ ವರ್ಷಕ್ಕೆ ಸುಮಾರು 12.7 ಲಕ್ಷ ಟನ್ ಯೂರಿಯ. ಇಡೀ ದೇಶದ ಯೂರಿಯ ಬಳಕೆ 2022-23ರಲ್ಲಿ 350 ಲಕ್ಷ ಟನ್ನನ್ನೂ ಮೀರಿತ್ತು.

ಇಂತಹ ಕಾರ್ಖಾನೆಯಲ್ಲಿ ಅಮೋನಿಯ ಉತ್ಪತ್ತಿಯಾಗಬೇಕಾದರೆ 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ವಾಯುಮಂಡಲದ ಒತ್ತಡದ ನೂರಾರು ಪಟ್ಟು ಒತ್ತಡವೂ ಬೇಕು. ಅಲ್ಲಿ ಬಳಸುವ ವೇಗವರ್ಧಕವೂ ಕಬ್ಬಿಣವೇ. ಬೇರುಗಂಟಿನಲ್ಲಾದರೋ ಇದೇ ಕೆಲಸ ಹೊಲದ ಸಾಧಾರಣ ಉಷ್ಣತೆಯಲ್ಲಿ, ಯಾವ ಒತ್ತಡವೂ ಇಲ್ಲದೆ ನಡೆಯುತ್ತದೆ. ಇದನ್ನು ಹೇಳುವಾಗ ಕೆಲವರು 'ಗಿಡಕ್ಕೆ ಪುಕ್ಕಟೆ ಗೊಬ್ಬರ' ಎಂದು ಬರೆಯುವುದುಂಟು. ಅದು ಸರಿಯಲ್ಲ. ಒಂದು ಸಾರಜನಕ ಅಣುವನ್ನು ಅಮೋನಿಯವಾಗಿಸಲು ಕಿಣ್ವಕ್ಕೆ ಎಂಟು ಎಲೆಕ್ಟ್ರಾನುಗಳೂ, ಜೀವಕೋಶದ ಶಕ್ತಿಯ ನಾಣ್ಯವೆನಿಸಿದ ಎ.ಟಿ.ಪಿ.ಯ ಕನಿಷ್ಠ 16 ಅಣುಗಳೂ ಬೇಕು. ಈ ವೆಚ್ಚವನ್ನು ಗಿಡ ತಾನು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಿಂದ ಭರಿಸುತ್ತದೆ. ಕಾರ್ಖಾನೆ ಅನಿಲವನ್ನು ಸುಡುತ್ತದೆ, ಗಿಡ ತನ್ನ ಸಕ್ಕರೆಯನ್ನು ಖರ್ಚು ಮಾಡುತ್ತದೆ. ರೈತನಿಗೆ ಲಾಭವಾಗುವುದು ಎರಡನೆಯ ಖರ್ಚು ಅವನ ಜೇಬಿನಿಂದ ಹೋಗುವುದಿಲ್ಲವೆಂಬ ಕಾರಣಕ್ಕೆ.

ಈಗ ಗೂಡಿನ ವಿಷಯಕ್ಕೆ ಬರೋಣ. ಕಬ್ಬಿಣ ಮತ್ತು ಗಂಧಕ ಒಂದಕ್ಕೊಂದು ಸಹಜವಾಗಿ ಒಲಿಯುವ ಧಾತುಗಳು. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ತೆಗೆಯುತ್ತಿದ್ದ ತಾಮ್ರದ ಅದಿರನ್ನು ತಾವು ನೋಡಿರಬಹುದು; ಹಿತ್ತಾಳೆಯಂತೆ ಹೊಳೆಯುವ ಆ ಖನಿಜದಲ್ಲಿ ತಾಮ್ರ, ಕಬ್ಬಿಣ, ಗಂಧಕ ಮೂರೂ ಸೇರಿವೆ. ಕಬ್ಬಿಣ-ಗಂಧಕದ ಜೊತೆ ಇನ್ನೊಂದು ಲೋಹ ಸೇರುವುದು ನಿಸರ್ಗಕ್ಕೆ ಹೊಸದಲ್ಲವೆಂದಾಯಿತು. ಆದರೆ ಖನಿಜದ ಹರಳಿನಲ್ಲಿ ಪರಮಾಣುಗಳ ಸಾಲು ಎಲ್ಲಿಯೂ ಮುಗಿಯದೆ ಹರಳಿನ ಅಂಚಿನವರೆಗೆ ಮುಂದುವರಿಯುತ್ತದೆ. ಜೀವಕೋಶದಲ್ಲಿ ಹಾಗಲ್ಲ. ಅಲ್ಲಿ ಎಣಿಸಬಹುದಾದಷ್ಟು ಪರಮಾಣುಗಳು ಮಾತ್ರ ಸೇರಿ ಒಂದು ನಿಶ್ಚಿತ ಆಕಾರವನ್ನು ತಾಳಿ ನಿಂತಿರುತ್ತವೆ. ಇದನ್ನೇ ಗುಚ್ಛ ಎನ್ನುವುದು. ಖನಿಜದ ಒಂದು ಚೂರನ್ನು ಕತ್ತರಿಸಿ ಪ್ರೋಟೀನಿನ ಮಡಿಕೆಯಲ್ಲಿಟ್ಟು ಸುತ್ತಿದ್ದಾರೆ ಎಂದು ಭಾವಿಸಿದರೆ ಕಲ್ಪನೆ ಸುಲಭವಾಗುತ್ತದೆ.

ಇಂತಹ ಗುಚ್ಛಗಳು ಜೀವಿಗಳಲ್ಲಿವೆ ಎಂಬ ಸುಳಿವು ಸಿಕ್ಕಿದ್ದು 1960ರ ಸುಮಾರಿಗೆ. ಹೆಲ್ಮುಟ್ ಬೈನರ್ಟ್ ಮತ್ತು ಅವರ ಸಹೋದ್ಯೋಗಿಗಳು ಜೀವಕೋಶಗಳ ಉಸಿರಾಟದ ಭಾಗಗಳಲ್ಲಿ ಅದುವರೆಗೆ ಯಾರೂ ಕಾಣದ ಒಂದು ಕಾಂತೀಯ ಸಂಕೇತವನ್ನು ಕಂಡರು. 1962ರಲ್ಲಿ ಗಾಳಿಯಿಲ್ಲದೆ ಬದುಕುವ ಒಂದು ಬ್ಯಾಕ್ಟೀರಿಯದಿಂದ ಫೆರೆಡಾಕ್ಸಿನ್ ಎಂಬ ಕಬ್ಬಿಣಯುಕ್ತ ಪ್ರೋಟೀನನ್ನು ಬೇರ್ಪಡಿಸಲಾಯಿತು. ಅದರಲ್ಲಿದ್ದ ಗುಚ್ಛದ ಆಕಾರ ಒಂದು ಘನದಂತೆ. ಎಂಟು ಮೂಲೆಗಳ ಪೈಕಿ ನಾಲ್ಕರಲ್ಲಿ ಕಬ್ಬಿಣ, ನಾಲ್ಕರಲ್ಲಿ ಗಂಧಕ, ಒಂದು ಬಿಟ್ಟು ಒಂದರಂತೆ. ಪ್ರತಿಯೊಂದು ಕಬ್ಬಿಣವೂ ಹೊರಗಡೆಗೆ ಚಾಚಿದ ಒಂದು ಕೈಯಿಂದ ಪ್ರೋಟೀನಿನ ಗಂಧಕವನ್ನು ಹಿಡಿದುಕೊಂಡಿರುತ್ತದೆ. ಎಲೆಕ್ಟ್ರಾನನ್ನು ಒಂದು ಕಡೆಯಿಂದ ಪಡೆದು ಇನ್ನೊಂದು ಕಡೆಗೆ ದಾಟಿಸುವುದು ಈ ಘನದ ಮುಖ್ಯ ಕೆಲಸ.

ಪ್ರೋಟೀನಿನ ಸಹಾಯವಿಲ್ಲದೆ ಈ ಘನವನ್ನು ಬಾಟಲಿಯಲ್ಲಿ ಕಟ್ಟಬಹುದೇ ಎಂಬ ಪ್ರಶ್ನೆಗೆ ಅಮೆರಿಕದ ರಿಚರ್ಡ್ ಹೋಮ್ ಮತ್ತು ಅವರ ಸಂಗಡಿಗರು 1972ರಲ್ಲಿ ಉತ್ತರ ಕೊಟ್ಟರು. ಅವರ ವಿಧಾನ ಕೇಳಿದರೆ ಅಚ್ಚರಿಯಾಗುತ್ತದೆ. ಫೆರಿಕ್ ಕ್ಲೋರೈಡ್, ಒಂದು ಗಂಧಕದ ಲವಣ, ಥಯೋಲ್ ಎಂಬ ಗಂಧಕಯುಕ್ತ ಸಾವಯವ ವಸ್ತು, ಸ್ವಲ್ಪ ಕ್ಷಾರ, ಇವನ್ನು ಮೆಥನಾಲಿನಲ್ಲಿ ಬೆರೆಸಿದರು. ಘನ ತನಗೆ ತಾನೇ ಕಟ್ಟಿಕೊಂಡಿತು! ನಂತರ ದೊಡ್ಡ ಗಾತ್ರದ ಒಂದು ಧನ ಅಯಾನನ್ನು ಸೇರಿಸಿದಾಗ ಕಪ್ಪು ಹರಳುಗಳು ಕೆಳಗಿಳಿದವು. ಮೂಲೆಯಿಂದ ಮೂಲೆಗೆ ಪರಮಾಣುಗಳನ್ನು ಇಕ್ಕಳದಿಂದ ಇಡುವ ಪ್ರಶ್ನೆಯೇ ಬರಲಿಲ್ಲ. ಕಬ್ಬಿಣ ಮತ್ತು ಗಂಧಕಕ್ಕೆ ಆ ಆಕಾರವೇ ಹಿತಕರ.

ಕಷ್ಟವಿದ್ದದ್ದು ಬೇರೆ ಕಡೆ. ಈ ಸಂಯುಕ್ತಗಳಿಗೆ ಆಮ್ಲಜನಕ ಪರಮ ಶತ್ರು. ಗಾಳಿ ಸೋಕಿದರೆ ಹರಳುಗಳು ನೋಡನೋಡುತ್ತಿದ್ದಂತೆ ಕೆಟ್ಟು ತುಕ್ಕಿನ ಬಣ್ಣಕ್ಕೆ ತಿರುಗುತ್ತವೆ. ಆದ್ದರಿಂದ ಇಡೀ ಕೆಲಸವನ್ನು ಕೈಗವಸುಗಳನ್ನು ಜೋಡಿಸಿದ ಮುಚ್ಚಿದ ಪೆಟ್ಟಿಗೆಯೊಳಗೆ, ಶುದ್ಧ ಸಾರಜನಕ ಅಥವಾ ಆರ್ಗಾನ್ ತುಂಬಿಸಿ ಮಾಡಬೇಕು. ದ್ರಾವಕಗಳಲ್ಲಿ ಕರಗಿರುವ ಗಾಳಿಯನ್ನೂ ಹೊರಹಾಕಬೇಕು. ಸಂಶೋಧನ ವಿದ್ಯಾರ್ಥಿಯ ಶ್ರಮದ ಹೆಚ್ಚಿನ ಪಾಲು ಇದರಲ್ಲೇ ಸವೆಯುತ್ತದೆ. ಬೇರುಗಂಟಿನಲ್ಲೂ ಇದೇ ಕಷ್ಟವಿದೆ. ಗಂಟನ್ನು ಸೀಳಿದರೆ ಒಳಗೆ ಕಾಣುವ ಕೆಂಪು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸೋದರನಾದ ಲೆಗ್‌ಹಿಮೋಗ್ಲೋಬಿನ್ನಿನದು. ಅದು ಬ್ಯಾಕ್ಟೀರಿಯದ ಉಸಿರಾಟಕ್ಕೆ ಬೇಕಾದಷ್ಟು ಆಮ್ಲಜನಕವನ್ನು ಹೊತ್ತು ತಂದರೂ ಬಿಡಿಯಾಗಿ ತಿರುಗಾಡಲು ಬಿಡುವುದಿಲ್ಲ. ಗಿಡ ತನಗೆ ಬೇಕಾದ ಕೈಗವಸಿನ ಪೆಟ್ಟಿಗೆಯನ್ನು ತಾನೇ ಬೆಳೆಸಿಕೊಂಡಿದೆ ಎನ್ನಬಹುದು.

ಇನ್ನು ಎರಡನೆಯ ಲೋಹವನ್ನು ಸೇರಿಸುವ ಕ್ರಮ. ಸಾರಜನಕ ಸ್ಥಿರೀಕರಣಕ್ಕೆ ಮಾಲಿಬ್ಡಿನಮ್ ಬೇಕೆಂಬುದನ್ನು ಜರ್ಮನಿಯ ಹರ್ಮನ್ ಬೋರ್ಟೆಲ್ಸ್ 1930ರಲ್ಲೇ ತೋರಿಸಿದ್ದರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿನೋದ್ ಶಾ ಮತ್ತು ವಿನ್‌ಸ್ಟನ್ ಬ್ರಿಲ್ 1977ರಲ್ಲಿ ನೈಟ್ರೋಜಿನೇಸ್ ಕಿಣ್ವದಿಂದ ಕಬ್ಬಿಣ-ಮಾಲಿಬ್ಡಿನಮ್ ಸಹಕಾರಕವನ್ನು ಪ್ರೋಟೀನಿನಿಂದ ಬಿಡಿಸಿ ಹೊರತೆಗೆದರು. ಆಗ ರಸಾಯನ ವಿಜ್ಞಾನಿಗಳಿಗೆ ಗುರಿ ಸ್ಪಷ್ಟವಾಯಿತು: ಕಬ್ಬಿಣ, ಗಂಧಕ, ಮಾಲಿಬ್ಡಿನಮ್ ಮೂರೂ ಇರುವ ಗುಚ್ಛವನ್ನು ಕಟ್ಟಬೇಕು.

ಅದಕ್ಕೆ ದಾರಿ ಒದಗಿಸಿದ್ದು ಹತ್ತೊಂಬತ್ತನೆಯ ಶತಮಾನದಿಂದ ತಿಳಿದಿದ್ದ ಒಂದು ಹಳೆಯ ಲವಣ. ಕಾಲೇಜಿನ ಪ್ರಯೋಗಾಲಯದಲ್ಲಿ ಫಾಸ್ಫೇಟನ್ನು ಪತ್ತೆಹಚ್ಚಲು ಅಮೋನಿಯಂ ಮಾಲಿಬ್ಡೇಟ್ ಬಳಸಿ ಹಳದಿ ಒತ್ತರವನ್ನು ಪಡೆದವರು ಈ ಸಭೆಯಲ್ಲಿ ಇರಬಹುದು. ಅದೇ ಮಾಲಿಬ್ಡೇಟನ್ನು ಅಮೋನಿಯದಲ್ಲಿ ಕರಗಿಸಿ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹಾಯಿಸಿದರೆ ದ್ರಾವಣ ಮೊದಲು ಹಳದಿಯಾಗಿ ಕ್ರಮೇಣ ಕಡುಗೆಂಪಾಗುತ್ತದೆ. ಮಾಲಿಬ್ಡಿನಮ್ಮಿನ ಸುತ್ತಲಿದ್ದ ನಾಲ್ಕು ಆಮ್ಲಜನಕಗಳು ಒಂದೊಂದಾಗಿ ಹೋಗಿ ಅವುಗಳ ಜಾಗದಲ್ಲಿ ನಾಲ್ಕು ಗಂಧಕಗಳು ಬಂದಿರುತ್ತವೆ. ಇದರ ಹೆಸರು ಟೆಟ್ರಾಥಯೋಮಾಲಿಬ್ಡೇಟ್. ಹೆಸರು ಉದ್ದವಾದರೂ ದಯವಿಟ್ಟು ನೆನಪಿಟ್ಟುಕೊಳ್ಳಿ; ಇದೇ ವಸ್ತು ಮುಂದೆ ದನದ ಹೊಟ್ಟೆಯಲ್ಲಿ ನಮಗೆ ಮತ್ತೆ ಸಿಗಲಿದೆ.

ಈ ಕೆಂಪು ಲವಣವನ್ನು ಕಬ್ಬಿಣದ ಲವಣ ಮತ್ತು ಥಯೋಲಿನೊಂದಿಗೆ ಬೆರೆಸಿದಾಗ, ಒಂದು ಮೂಲೆಯಲ್ಲಿ ಕಬ್ಬಿಣದ ಬದಲು ಮಾಲಿಬ್ಡಿನಮ್ ಕುಳಿತ ಘನಗಳು ದೊರೆತವು. ಇಂತಹ ಎರಡೆರಡು ಘನಗಳು ಗಂಧಕದ ಸೇತುವೆಗಳಿಂದ ಜೋಡಿಯಾಗಿದ್ದವು. 1978ರಲ್ಲಿ ಹೋಮ್ ಅವರ ತಂಡವೂ ಮ್ಯಾಂಚೆಸ್ಟರಿನ ಡೇವಿಡ್ ಗಾರ್ನರ್ ಅವರ ತಂಡವೂ ಇದನ್ನು ಪ್ರಕಟಿಸಿದವು. ಅನಂತರ ಟಂಗ್‌ಸ್ಟನ್, ವೆನೇಡಿಯಂಗಳೂ ಅದೇ ಮೂಲೆಗೆ ಬಂದು ಕುಳಿತವು.

ಇನ್ನೊಂದು ಜಾಣ ಮಾರ್ಗವೂ ಇದೆ. ಕೆಲವು ಪ್ರೋಟೀನುಗಳಲ್ಲಿ ಘನದ ಒಂದು ಮೂಲೆ ಖಾಲಿ ಇರುತ್ತದೆ. ಮೂರು ಕಬ್ಬಿಣ, ನಾಲ್ಕು ಗಂಧಕ ಮಾತ್ರ. 1986ರಲ್ಲಿ ಅಂತಹ ಒಂದು ಫೆರೆಡಾಕ್ಸಿನ್ನಿನ ಖಾಲಿ ಮೂಲೆಗೆ ಕೋಬಾಲ್ಟನ್ನು ತುಂಬಿ ತೋರಿಸಿದರು. ಬಾಗಿಲು ತೆರೆದಿರುವ ಮನೆಗೆ ಬಾಡಿಗೆದಾರನನ್ನು ಕರೆತಂದ ಹಾಗೆ. ನಮ್ಮ ದೇಶದಲ್ಲಿ ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ಮಾಥುರ್ ಮತ್ತು ಅವರ ವಿದ್ಯಾರ್ಥಿಗಳು ಬೇರೆಯದೇ ಒಂದು ಕುಟುಂಬದ ಗುಚ್ಛಗಳ ಮೇಲೆ ದೀರ್ಘಕಾಲ ದುಡಿದಿದ್ದಾರೆ. ಕಬ್ಬಿಣದ ಕಾರ್ಬೊನಿಲ್‌ಗಳಿಗೆ ಗಂಧಕವನ್ನೋ ಅದರ ಬಂಧುಗಳಾದ ಸೆಲೀನಿಯಂ, ಟೆಲ್ಯೂರಿಯಂಗಳನ್ನೋ ಸೇರಿಸಿ, ಅದರ ಮೇಲೆ ಇತರ ಲೋಹಗಳನ್ನು ಹಂತಹಂತವಾಗಿ ಜೋಡಿಸುವ ಕೆಲಸ ಅದು. ಅವು ಜೀವಕೋಶದ ನಕಲುಗಳಲ್ಲ. ಆದರೆ ಲೋಹಗಳನ್ನು ಇಚ್ಛೆಯಂತೆ ಒಂದರ ಪಕ್ಕ ಒಂದನ್ನು ಇಡುವ ಕೌಶಲ ಅಲ್ಲಿ ಬಹಳ ಮುಂದುವರಿದಿದೆ.

ಕಪ್ಪು ಹರಳು ಕೈಗೆ ಬಂದರೆ ಅರ್ಧ ಕೆಲಸವಷ್ಟೇ ಆದಂತೆ. ಕಬ್ಬಿಣ-ಗಂಧಕದ ಸಂಯುಕ್ತಗಳೆಲ್ಲವೂ ಬಹುಮಟ್ಟಿಗೆ ಕಪ್ಪಾಗಿಯೇ ಇರುವುದರಿಂದ ಕಣ್ಣು ಇಲ್ಲಿ ಏನನ್ನೂ ಹೇಳುವುದಿಲ್ಲ. ಮೊದಲು ಧಾತುವಿಶ್ಲೇಷಣೆಯಿಂದ ಯಾವ ಧಾತು ಎಷ್ಟು ಪಾಲಿದೆ ಎಂದು ತಿಳಿಯುತ್ತಾರೆ. ಹರಳು ಚೆನ್ನಾಗಿದ್ದರೆ ಕ್ಷ-ಕಿರಣಗಳನ್ನು ಹಾಯಿಸಿ, ಅವು ಚದುರುವ ಕ್ರಮದಿಂದ ಪ್ರತಿಯೊಂದು ಪರಮಾಣುವಿನ ಸ್ಥಾನವನ್ನು ಲೆಕ್ಕ ಹಾಕುತ್ತಾರೆ. ಈ ಘನಗಳಲ್ಲಿ ಕಬ್ಬಿಣ ಮತ್ತು ಗಂಧಕದ ನಡುವಿನ ದೂರ ಸುಮಾರು 2.3 ಆಂಗ್‌ಸ್ಟ್ರಾಮ್, ಕಬ್ಬಿಣ ಮತ್ತು ಮಾಲಿಬ್ಡಿನಮ್ಮಿನ ನಡುವೆ ಸುಮಾರು 2.7. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಆಂಗ್‌ಸ್ಟ್ರಾಮ್ ಎಂದು ಹೆಸರು.

ಆದರೆ ಸ್ಥಾನ ತಿಳಿದರೆ ಸಾಲದು, ಪ್ರತಿಯೊಂದು ಕಬ್ಬಿಣದ ಬಳಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದೂ ತಿಳಿಯಬೇಕು. ಅದಕ್ಕೆ ಮಾಸ್‌ಬೌವರ್ ರೋಹಿತ ವಿಧಾನವಿದೆ. 1958ರಲ್ಲಿ ಈ ಪರಿಣಾಮವನ್ನು ಕಂಡುಹಿಡಿದ ರುಡಾಲ್ಫ್ ಮಾಸ್‌ಬೌವರ್ 1961ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ನಿಸರ್ಗದ ಕಬ್ಬಿಣದಲ್ಲಿ ನೂರಕ್ಕೆ ಎರಡರಷ್ಟಿರುವ ಕಬ್ಬಿಣ-57 ಎಂಬ ಸಮಸ್ಥಾನಿ ಮಾತ್ರ ಈ ಪರೀಕ್ಷೆಗೆ ಉತ್ತರ ಕೊಡುತ್ತದೆ. ಗಾಮಾ ಕಿರಣಗಳನ್ನು ಸೂಸುವ ಆಕರವನ್ನು ಹಿಂದಕ್ಕೂ ಮುಂದಕ್ಕೂ ಸೆಕೆಂಡಿಗೆ ಕೆಲವೇ ಮಿಲಿಮೀಟರಿನ ವೇಗದಲ್ಲಿ ಚಲಿಸುತ್ತಾರೆ. ಇರುವೆಯ ನಡಿಗೆಗಿಂತ ನಿಧಾನವಾದ ಈ ಚಲನೆ ಕಿರಣದ ಶಕ್ತಿಯಲ್ಲಿ ಉಂಟುಮಾಡುವ ಅತ್ಯಲ್ಪ ವ್ಯತ್ಯಾಸವೇ ಒಂದು ಕಬ್ಬಿಣಕ್ಕೂ ಇನ್ನೊಂದಕ್ಕೂ ಇರುವ ಭೇದವನ್ನು ಎತ್ತಿ ತೋರಿಸಲು ಸಾಕು! ಸೂಕ್ಷ್ಮತೆಯಲ್ಲಿ ಇದಕ್ಕೆ ಸಾಟಿಯಾದ ವಿಧಾನಗಳು ಕಡಿಮೆ. ಜೋಡಿಯಿಲ್ಲದ ಎಲೆಕ್ಟ್ರಾನುಗಳನ್ನು ಕಾಂತಕ್ಷೇತ್ರದಲ್ಲಿಟ್ಟು ಸೂಕ್ಷ್ಮತರಂಗಗಳಿಂದ ಪರೀಕ್ಷಿಸುವ ಎಲೆಕ್ಟ್ರಾನ್ ಸ್ಪಿನ್ ಅನುರಣನ ಇನ್ನೊಂದು ಸಾಧನ. ನೈಟ್ರೋಜಿನೇಸ್ ಕಿಣ್ವದ ಸಹಕಾರಕಕ್ಕೆ ಇಲ್ಲಿ ಬೆರಳಚ್ಚಿನಂತಹ ಒಂದು ವಿಶಿಷ್ಟ ಸಂಕೇತವಿದೆ. ಪ್ರೋಟೀನಿನಿಂದ ಹೊರತೆಗೆದ ಮೇಲೂ ಅದೇ ಬೆರಳಚ್ಚು ಸ್ವಲ್ಪ ಮಸುಕಾಗಿ ಉಳಿದುಕೊಂಡಿತ್ತು. ಹೊರತೆಗೆಯುವಾಗ ಗುಚ್ಛ ಒಡೆದುಹೋಗಿಲ್ಲವೆಂದು ವಿಜ್ಞಾನಿಗಳು ನಂಬಿದ್ದು ಈ ಸಾಕ್ಷ್ಯದ ಮೇಲೆ.

1978ರಲ್ಲಿ ನಡೆದ ಒಂದು ಹೋಲಿಕೆಯನ್ನು ವಿಶೇಷವಾಗಿ ಹೇಳಬೇಕು. ಕಿಣ್ವದ ಹರಳಿನ ರಚನೆ ಆಗ ಇನ್ನೂ ಲಭ್ಯವಿರಲಿಲ್ಲ. ಸ್ಟೀಫನ್ ಕ್ರೇಮರ್, ಕೀತ್ ಹಾಡ್ಜ್‌ಸನ್ ಮತ್ತು ಸಂಗಡಿಗರು ಶಕ್ತಿಶಾಲಿಯಾದ ಸಿಂಕ್ರೋಟ್ರಾನ್ ಕ್ಷ-ಕಿರಣಗಳನ್ನು ಕಿಣ್ವದ ಮೇಲೆ ಹಾಯಿಸಿ, ಮಾಲಿಬ್ಡಿನಮ್ ಹೀರಿಕೊಳ್ಳುವ ಕಿರಣಗಳ ಏರಿಳಿತದಿಂದ ಅದರ ನೆರೆಹೊರೆಯನ್ನು ಅರಿತರು. ಸುತ್ತ ಗಂಧಕಗಳು, ಅವುಗಳಾಚೆ 2.7 ಆಂಗ್‌ಸ್ಟ್ರಾಮ್ ದೂರದಲ್ಲಿ ಕಬ್ಬಿಣಗಳು. ಪ್ರಯೋಗಾಲಯದಲ್ಲಿ ಕಟ್ಟಿದ ಜೋಡಿ ಘನವನ್ನು ಅದೇ ರೀತಿ ಪರೀಕ್ಷಿಸಿದಾಗ ಎರಡೂ ಬಹುಮಟ್ಟಿಗೆ ತಾಳೆಯಾದವು. ಕಟ್ಟಿದ ವಸ್ತುವೊಂದು, ಕಣ್ಣಿಗೆ ಕಾಣದ ಮೂಲವಸ್ತು ಹೇಗಿರಬಹುದೆಂಬುದಕ್ಕೆ ಅಳತೆಗೋಲಾಯಿತು. ಇಂತಹ ವಿಧಾನಕ್ಕೆ ಈಗ ನಾವು ಹೊರದೇಶಕ್ಕೇ ಹೋಗಬೇಕಾಗಿಲ್ಲ. ಇಂದೋರಿನಲ್ಲಿರುವ ಇಂಡಸ್-2 ಸಿಂಕ್ರೋಟ್ರಾನಿನಲ್ಲಿ ಈ ಸೌಲಭ್ಯವಿದೆ.

ಆದರೂ ಒಂದು ಪರೀಕ್ಷೆಯಲ್ಲಿ ಆ ಘನಗಳು ತೇರ್ಗಡೆಯಾಗಲಿಲ್ಲ. ಸಹಕಾರಕವನ್ನು ತಯಾರಿಸಲಾರದ ಒಂದು ಬ್ಯಾಕ್ಟೀರಿಯ ತಳಿಯ ನಿಷ್ಕ್ರಿಯ ಪ್ರೋಟೀನಿಗೆ ಶಾ ಮತ್ತು ಬ್ರಿಲ್ ತೆಗೆದ ಸಹಜ ಸಹಕಾರಕವನ್ನು ಬೆರೆಸಿದರೆ ಅದು ಚೇತರಿಸಿಕೊಂಡು ಕೆಲಸ ಮಾಡುತ್ತಿತ್ತು. ಸಂಶ್ಲೇಷಿತ ಘನಗಳನ್ನು ಬೆರೆಸಿದರೆ ಏನೂ ಆಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಎಲ್ಲ ರೋಹಿತ ವಿಧಾನಗಳಿಗಿಂತಲೂ ಕಠಿಣವಾದ ಪರೀಕ್ಷೆ ಇದು. ಅಳತೆಗಳು ಹೊಂದಬಹುದು, ಕೆಲಸ ಹೊಂದಬೇಕೆಂದಿಲ್ಲ.

ಕಾರಣ 1992ರಲ್ಲಿ ಬೆಳಕಿಗೆ ಬಂತು. ಕ್ಯಾಲಿಫೋರ್ನಿಯದ ಡಗ್ಲಸ್ ರೀಸ್ ಮತ್ತು ಕಿಮ್ ಅವರು ಅಜೋಟೋಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯದ ಕಿಣ್ವದ ರಚನೆಯನ್ನು ಪ್ರಕಟಿಸಿದರು. ಸಹಕಾರಕ ಒಂದು ಘನವಾಗಿರಲಿಲ್ಲ. ಅಪೂರ್ಣವಾದ ಎರಡು ಘನಗಳು ಬಾಯಿಗೆ ಬಾಯಿ ಕೊಟ್ಟು, ನಡುವೆ ಮೂರು ಗಂಧಕಗಳ ಸೇತುವೆಯಿಂದ ಜೋಡಿಯಾಗಿದ್ದವು. ಒಟ್ಟು ಏಳು ಕಬ್ಬಿಣ, ಒಂಬತ್ತು ಗಂಧಕ, ತುದಿಯಲ್ಲಿ ಒಂದು ಮಾಲಿಬ್ಡಿನಮ್. ಮಾಲಿಬ್ಡಿನಮ್ಮಿಗೆ ಅಂಟಿಕೊಂಡು ಹೋಮೋಸಿಟ್ರೇಟ್ ಎಂಬ ಸಾವಯವ ಆಮ್ಲ. ನಡುವಿನ ಆರು ಕಬ್ಬಿಣಗಳ ಮಧ್ಯೆ ಒಂದು ಖಾಲಿ ಕೋಣೆ ಇದ್ದಂತೆ ಕಾಣುತ್ತಿತ್ತು. ಹತ್ತು ವರ್ಷ ಎಲ್ಲರೂ ಆ ಕೋಣೆ ಖಾಲಿ ಎಂದೇ ತಿಳಿದಿದ್ದರು. 2002ರಲ್ಲಿ ಆಲಿವರ್ ಐನ್‌ಸ್ಲೆ, ರೀಸ್ ಮತ್ತಿತರರು 1.16 ಆಂಗ್‌ಸ್ಟ್ರಾಮಿನಷ್ಟು ಸೂಕ್ಷ್ಮವಾಗಿ ನೋಡಿದಾಗ ಅಲ್ಲೊಂದು ಹಗುರ ಪರಮಾಣು ಇರುವುದು ಕಂಡಿತು. ಕಬ್ಬಿಣ, ಗಂಧಕಗಳ ಸುತ್ತ ಗಣನೆಯಲ್ಲಿ ಏಳುವ ಅಲೆಗಳು ಅದನ್ನು ಹಿಂದೆ ಮರೆಮಾಡಿದ್ದವು. ಅದು ಸಾರಜನಕವೋ, ಆಮ್ಲಜನಕವೋ, ಇಂಗಾಲವೋ ಎಂಬ ಚರ್ಚೆ ಮತ್ತೆ ಒಂಬತ್ತು ವರ್ಷ ನಡೆಯಿತು. 2011ರಲ್ಲಿ ಎರಡು ಸ್ವತಂತ್ರ ಅಧ್ಯಯನಗಳು, ಒಂದು ಕ್ಷ-ಕಿರಣ ಉತ್ಸರ್ಜನೆಯ ಮೂಲಕ, ಇನ್ನೊಂದು ಇನ್ನೂ ಸೂಕ್ಷ್ಮವಾದ ಹರಳಿನ ರಚನೆಯ ಮೂಲಕ, ಅದು ಇಂಗಾಲವೆಂದು ನಿರ್ಧರಿಸಿದವು. ಆರು ಲೋಹಗಳ ನಡುವೆ ಬಂಧಿಯಾದ ಒಂಟಿ ಇಂಗಾಲ! ಇಂತಹ ರಚನೆಯನ್ನು ಜೀವಜಗತ್ತಿನಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ.

ಆ ಇಂಗಾಲದ ಸಮೇತ ಇಡೀ ಗುಚ್ಛವನ್ನು ಪ್ರೋಟೀನಿನ ಸಹಾಯವಿಲ್ಲದೆ ಪ್ರಯೋಗಾಲಯದಲ್ಲಿ ಕಟ್ಟುವ ಕಾರ್ಯ ಇನ್ನೂ ಕೈಗೂಡಿಲ್ಲ. ಆದರೆ ಘನಗಳ ಹಾದಿ ನಿಂತಿಲ್ಲ. 2021ರಲ್ಲಿ ಒಂದು ಮಾಲಿಬ್ಡಿನಮ್-ಕಬ್ಬಿಣ-ಗಂಧಕ ಗುಚ್ಛ ಸಾರಜನಕದ ಅಣುವನ್ನು ಹಿಡಿದು ಅದರ ಬಂಧವನ್ನು ಸಡಿಲಿಸುವುದನ್ನು ಅಮೆರಿಕದಲ್ಲಿ ತೋರಿಸಲಾಯಿತು. 2022ರಲ್ಲಿ ಜಪಾನಿನ ಯಸುಹಿರೋ ಓಕಿ ಮತ್ತು ಸಂಗಡಿಗರು ಮೂರು ಮಾಲಿಬ್ಡಿನಮ್, ಒಂದು ಕಬ್ಬಿಣ ಇರುವ ಘನದಲ್ಲಿ ಕಬ್ಬಿಣದ ಮೂಲೆಯೇ ಸಾರಜನಕವನ್ನು ಪರಿವರ್ತಿಸುವುದನ್ನು ವರದಿ ಮಾಡಿದರು. ಇವು ಯೂರಿಯ ಕಾರ್ಖಾನೆಗಳನ್ನು ನಾಳೆಯೇ ಮುಚ್ಚಿಸುವ ಸುದ್ದಿಗಳಲ್ಲ. ಆದರೆ ಸಾರಜನಕ ಹೋಗಿ ಕೂರುವುದು ಮಾಲಿಬ್ಡಿನಮ್ಮಿನ ಮೇಲೋ ಕಬ್ಬಿಣದ ಮೇಲೋ ಎಂಬ ಹಳೆಯ ವಾದಕ್ಕೆ ಇವು ಹೊಸ ಸಾಕ್ಷ್ಯವನ್ನು ಒದಗಿಸಿವೆ.

ಇನ್ನು ಹೊಲದ ಕಡೆ ಬರೋಣ. ಗುಚ್ಛ ಕೆಲಸ ಮಾಡುತ್ತಿದೆಯೇ ಎಂದು ಪಟಂಚೆರುವಿನಲ್ಲಿ ಅಳೆಯುತ್ತಿದ್ದ ರೀತಿ ಸರಳವಾದುದು. ಸಾರಜನಕದಂತೆಯೇ ಮೂರು ಬಂಧಗಳಿರುವ ಅಸಿಟಲೀನ್ ಅನಿಲವನ್ನೂ ಈ ಕಿಣ್ವ ಎಥಿಲೀನ್ ಆಗಿ ಬದಲಿಸುತ್ತದೆ ಎಂಬುದು 1966ರಲ್ಲಿ ತಿಳಿದುಬಂದಿತ್ತು. ಗಂಟುಗಳಿರುವ ಬೇರನ್ನು ಬಾಟಲಿಯಲ್ಲಿಟ್ಟು ಅಸಿಟಲೀನ್ ತುಂಬಿ, ಸ್ವಲ್ಪ ಹೊತ್ತಿನ ನಂತರ ಎಷ್ಟು ಎಥಿಲೀನ್ ಬಂದಿದೆ ಎಂದು ನೋಡಿದರಾಯಿತು. ಗಂಟು ಕಟ್ಟದ ನೆಲಗಡಲೆ ಮತ್ತು ಕಡಲೆಯ ತಳಿಗಳನ್ನೂ ಇಕ್ರಿಸ್ಯಾಟಿನಲ್ಲಿ ಗುರುತಿಸಿದರು. ಗಂಟಿರುವ ಗಿಡವನ್ನು ಅವುಗಳ ಪಕ್ಕದಲ್ಲಿ ಬೆಳೆದರೆ ಗಾಳಿಯಿಂದ ಬಂದ ಸಾರಜನಕವೆಷ್ಟು, ಮಣ್ಣಿನಿಂದ ಬಂದದ್ದೆಷ್ಟು ಎಂದು ಬೇರ್ಪಡಿಸಿ ಹೇಳಬಹುದು. ಅಲ್ಲಿಯ ಕುಮಾರ ರಾವ್, ಡಾರ್ಟ್ ಮತ್ತು ಶಾಸ್ತ್ರಿ ಅವರು 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೊಗರಿಯ ನಂತರ ಬೆಳೆದ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ ಸುಮಾರು 40 ಕಿಲೋಗ್ರಾಂ ಸಾರಜನಕ ಹಾಕಿದಷ್ಟು ಪ್ರಯೋಜನ ದೊರೆಯಿತು. ಯೂರಿಯದಲ್ಲಿ ಸಾರಜನಕ ಶೇಕಡ 46. ಲೆಕ್ಕ ಹಾಕಿದರೆ ಇದು 45 ಕಿಲೋದ ಸುಮಾರು ಎರಡು ಚೀಲ ಯೂರಿಯಕ್ಕೆ ಸಮ.

1956ರವರೆಗೆ ಇದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕಲಬುರಗಿ ಸೀಮೆಯ ರೈತರಿಗೆ ತೊಗರಿಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೊರಗು ರೋಗವನ್ನು ತಡೆಯುವ 'ಮಾರುತಿ' ತಳಿ ಪಟಂಚೆರುವಿನ ಸಂಗ್ರಹದಿಂದಲೇ ಆರಿಸಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಗುಚ್ಛಕ್ಕೆ ಬೇಕಾದ ಎರಡು ಲೋಹಗಳು ಮಣ್ಣಿನಲ್ಲಿ ಒಂದಕ್ಕೊಂದು ತದ್ವಿರುದ್ಧವಾಗಿ ವರ್ತಿಸುತ್ತವೆ. ಸುಣ್ಣದಂಶ ಹೆಚ್ಚಾದ ಎರೆಭೂಮಿಯಲ್ಲಿ ಮಾಲಿಬ್ಡಿನಮ್ ಸುಲಭವಾಗಿ ಸಿಗುತ್ತದೆ, ಕಬ್ಬಿಣ ಸಿಗುವುದಿಲ್ಲ. ಅಂತಹ ಹೊಲದಲ್ಲಿ ನೆಲಗಡಲೆಯ ಎಳೆಯ ಎಲೆಗಳು ನರಗಳು ಮಾತ್ರ ಹಸಿರಾಗಿ ಉಳಿದು ಹಳದಿಯಾಗುವುದನ್ನೂ, ಅದಕ್ಕೆ ಅನ್ನಭೇದಿಯ ದ್ರಾವಣ ಸಿಂಪಡಿಸುವುದನ್ನೂ ತಾವು ಕಂಡಿರಬಹುದು. ಮಲೆನಾಡು, ಕರಾವಳಿಗಳ ಹುಳಿ ಮಣ್ಣಿನಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಕಬ್ಬಿಣ ಧಾರಾಳ. ಆ ಕಬ್ಬಿಣದ ಆಕ್ಸೈಡುಗಳೇ ಮಾಲಿಬ್ಡೇಟನ್ನು ಹಿಡಿದಿಟ್ಟು ಬೇರಿಗೆ ಸಿಗದಂತೆ ಮಾಡುತ್ತವೆ. ಎಲೆ ಹಳದಿಯಾಯಿತೆಂದು ಎಲ್ಲೆಡೆಯೂ ಒಂದೇ ಮದ್ದು ಹಾಕಿದರೆ ಪ್ರಯೋಜನವಾಗದು.

ಬೇಕಾಗುವ ಮಾಲಿಬ್ಡಿನಮ್ಮಿನ ಪ್ರಮಾಣ ಮಾತ್ರ ಅತ್ಯಲ್ಪ. ಪೂರ್ವ ಭಾರತದಲ್ಲಿ ಬತ್ತದ ಕೊಯ್ಲಿನ ನಂತರ ಹುಳಿ ಮಣ್ಣಿನಲ್ಲಿ ಕಡಲೆ ಬೆಳೆಯುವ ಬಗ್ಗೆ ಇಕ್ರಿಸ್ಯಾಟ್ ಮತ್ತು ಅದರ ಸಹಯೋಗಿಗಳು ನಡೆಸಿದ ಪ್ರಯೋಗಗಳಲ್ಲಿ, ಲೀಟರ್ ನೀರಿಗೆ ಅರ್ಧ ಗ್ರಾಂ ಸೋಡಿಯಂ ಮಾಲಿಬ್ಡೇಟ್ ಮತ್ತು ರೈಜೋಬಿಯಂ ಬೆರೆಸಿ ಬೀಜವನ್ನು ರಾತ್ರಿ ನೆನೆಸಿ ಬಿತ್ತಿದಾಗ ಗಂಟುಗಳೂ ಇಳುವರಿಯೂ ಹೆಚ್ಚಿದವು. ನೆಲಕ್ಕೆ ಎರಚುವುದಕ್ಕಿಂತ ಇದು ಅಗ್ಗ, ಬಡ ರೈತನಿಗೂ ನಿಲುಕುವಂಥದು.

ಅರ್ಧ ಗ್ರಾಮಿನಿಂದ ಇಷ್ಟು ಪ್ರಯೋಜನವಾದರೆ ಹತ್ತು ಗ್ರಾಂ ಹಾಕಿದರೇನು ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರವಾಗಿ ಆ ಕೆಂಪು ಲವಣವನ್ನು ಮತ್ತೆ ನೆನಪಿಸುತ್ತೇನೆ. ಮಾಲಿಬ್ಡಿನಮ್ ಅಧಿಕವಾಗಿರುವ ಮೇವನ್ನು ದನ ತಿಂದರೆ, ಅದರ ಮೊದಲ ಹೊಟ್ಟೆಯಲ್ಲಿ ಗಂಧಕದೊಡನೆ ಸೇರಿ ಅದೇ ಥಯೋಮಾಲಿಬ್ಡೇಟುಗಳು ಉತ್ಪತ್ತಿಯಾಗುತ್ತವೆ. ಅಲ್ಲಿ ಅವು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡು ಪ್ರಾಣಿಗೆ ತಾಮ್ರದ ಕೊರತೆಯನ್ನು ಉಂಟುಮಾಡುತ್ತವೆ. ಭೇದಿ ಹತ್ತುತ್ತದೆ, ಕೂದಲಿನ ಬಣ್ಣ ಮಾಸುತ್ತದೆ. ಮನುಷ್ಯರ ವಿಷಯವನ್ನು ಈ ನಗರದ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಗಮನಿಸಿದರು. ನಲ್ಗೊಂಡ ಜಿಲ್ಲೆಯ ಫ್ಲೋರೈಡ್ ಪೀಡಿತ ಹಳ್ಳಿಗಳಲ್ಲಿ ಹದಿಹರೆಯದವರ ಮೊಣಕಾಲುಗಳು ಒಳಕ್ಕೆ ಬಾಗುವ ಊನ ಕಂಡುಬಂದಿತ್ತು. ಆ ಹಳ್ಳಿಗಳ ಜೋಳದಲ್ಲಿ ಮಾಲಿಬ್ಡಿನಮ್ ಇತರ ಕಡೆಗಿಂತ ಹೆಚ್ಚಾಗಿತ್ತು. ನಾಗಾರ್ಜುನಸಾಗರದ ನೀರಾವರಿಯ ನಂತರ ಅಂತರ್ಜಲ ಮೇಲೇರಿ ಮಣ್ಣು ಕ್ಷಾರವಾಗಿ, ಜೋಳ ಹೆಚ್ಚು ಮಾಲಿಬ್ಡಿನಮ್ ಹೀರಿರಬಹುದು, ಅದರಿಂದ ದೇಹದ ತಾಮ್ರ ನಷ್ಟವಾಗಿ ಫ್ಲೋರೈಡಿನ ಹಾನಿ ಇಮ್ಮಡಿಯಾಗಿರಬಹುದು ಎಂದು ಅವರು ಸೂಚಿಸಿದರು. ಆದ್ದರಿಂದ ಮಾಲಿಬ್ಡೇಟನ್ನು ಹುಳಿ ಮಣ್ಣಿನ ದ್ವಿದಳ ಬೆಳೆಗೆ, ಮಣ್ಣಿನ ಪರೀಕ್ಷೆ ಮಾಡಿಸಿ, ಕೃಷಿ ಇಲಾಖೆ ಹೇಳಿದ ಪ್ರಮಾಣದಲ್ಲಿ ಮಾತ್ರ ಬಳಸಬೇಕು. ನೆನೆಸಿ ಉಳಿದ ಬೀಜವನ್ನು ಅಡಿಗೆಗಾಗಲಿ ದನಕ್ಕಾಗಲಿ ಕೊಡಬಾರದು.